ಗೊತ್ತೇ ಆಗಲಿಲ್ಲ

ಅಪ್ಪನ ಸಂಬಳದ ಕವರು ಬಸ್ಸಿನಲ್ಲಿ ಹೋದಾಗ ನನಗೆ ಒಂಬತ್ತು ವರ್ಷ. ಸಂಜೆ ಏಳರ ಹೊತ್ತಿಗೆ ಅವರು ಬಾಗಿಲಾಚೆ ಚಪ್ಪಲಿ ಬಿಟ್ಟು, ಒಳಗೆ ಬರದೆ ಹೊಸ್ತಿಲ ಹತ್ತಿರವೇ ನಿಂತಿದ್ದರು. ಎಡಗೈ ಪ್ಯಾಂಟಿನ ಜೇಬಿನ ಮೇಲಿತ್ತು. ಅಮ್ಮ ಅಡುಗೆಮನೆಯಿಂದಲೇ "ಕಾಫಿಗೆ ಇಡ್ಲಾ?" ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದದ್ದು ಎರಡೇ ಮಾತು: "ಗೊತ್ತೇ ಆಗ್ಲಿಲ್ಲ."

ಆ ತಿಂಗಳು ಹೇಗೋ ಕಳೆಯಿತು. ಅಮ್ಮನ ಚೀಟಿ ದುಡ್ಡು, ದಿನಸಿ ಅಂಗಡಿಯ ಸಾಲ, ಸೋದರಮಾವ ಊರಿಂದ ಕಳಿಸಿದ ಅಕ್ಕಿ. ಆದರೆ ಆ ಎರಡು ಮಾತು ಅಪ್ಪನನ್ನು ಬಿಡಲಿಲ್ಲ. ಅವರು ಗಣಿತದ ಮೇಷ್ಟ್ರು. ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಕೊನೆ ಬೆಂಚಿನ ಹುಡುಗ ಕಾಪಿ ಚೀಟಿ ಬಿಚ್ಚುವುದನ್ನು ಹಿಡಿಯುತ್ತಿದ್ದವರು. ಬೀದಿಯವರೆಲ್ಲ ಬಂದು ಕೇಳಿದ ಪ್ರಶ್ನೆ ಒಂದೇ: "ಅದ್ಹೆಂಗೆ ಗೊತ್ತಾಗ್ಲಿಲ್ಲ ಮೇಷ್ಟ್ರೇ?" ಕದ್ದವನು ಯಾರಿರಬಹುದು ಎಂದು ಒಬ್ಬರೂ ಕೇಳಲಿಲ್ಲ. ಕದ್ದವನ ತಪ್ಪೆಲ್ಲ ಕಳೆದುಕೊಂಡವನ ತಲೆಗೇ ಬಂದು ಕೂತಿತ್ತು.

ಅಂದಿನಿಂದ ಅಪ್ಪನ ದುಡ್ಡು ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಇಳಿಯಿತು. ಆ ಜೇಬಿಗೊಂದು ಸೇಫ್ಟಿ ಪಿನ್ನು. ಬಸ್ಸು ಹತ್ತಿದರೆ ಬಲಗೈ ಮೇಲಿನ ಕಂಬಿಗೆ, ಎಡಗೈ ತೊಡೆಯ ಹತ್ತಿರ, ಪಿನ್ನಿನ ಮೇಲೆ. ಈಗ ಅವರಿಗೆ ಎಂಬತ್ತು ದಾಟಿದೆ, ಆ ಎಡಗೈ ಮಾತ್ರ ಇನ್ನೂ ಅಲ್ಲೇ ಇದೆ.

ಇದನ್ನೆಲ್ಲ ಮೊದಲೇ ಹೇಳಿಕೊಳ್ಳಲು ಕಾರಣವಿದೆ. ವೇದಿಕೆಯ ಮೇಲೆ ಜನರ ಜೇಬು ಕತ್ತರಿಸಿ ನಗಿಸುವವರ ಬಗ್ಗೆ ಬರೆಯಲು ಹೊರಟಿದ್ದೇನೆ, ಮತ್ತು ನಾನು ಆ ಕಲೆಯ ಹತ್ತಿರ ಹೋದದ್ದು ಕೋಪದಿಂದ.

ಅಪೊಲೊ ರಾಬಿನ್ಸ್ ಎಂಬ ಅಮೆರಿಕದ ಜಾದೂಗಾರ 2013ರಲ್ಲಿ ಮಾಡಿದ ಟೆಡ್ ಭಾಷಣ ಒಂದು ರಾತ್ರಿ ಯೂಟ್ಯೂಬಿನಲ್ಲಿ ಕಣ್ಣಿಗೆ ಬಿತ್ತು. ಸಭೆಯಿಂದ ಒಬ್ಬನನ್ನು ಕರೆಯುತ್ತಾನೆ. ಸೌಜನ್ಯದಿಂದ ಮಾತಾಡುತ್ತಾನೆ. ಕೈಗೊಂದು ಜೂಜಿನ ಬಿಲ್ಲೆ ಕೊಡುತ್ತಾನೆ. ಅದು ಕೈಯಿಂದ ಮಾಯವಾಗಿ ಆ ಮನುಷ್ಯನ ಹೆಗಲ ಮೇಲೆ ಕೂತಿರುತ್ತದೆ. ಹೆಗಲ ಮೇಲಿದ್ದದ್ದು ಎಲ್ಲರಿಗೂ ಕಾಣುತ್ತದೆ, ಅವನೊಬ್ಬನಿಗೆ ಬಿಟ್ಟು. ಇಷ್ಟರೊಳಗೆ ಅವನ ಕೈಗಡಿಯಾರವೂ ಹೋಗಿದೆ. ಸಭೆ ಬಿದ್ದು ಬಿದ್ದು ನಗುತ್ತಿದೆ. ನನಗೆ ನಗು ಬರಲಿಲ್ಲ. ಹೊಸ್ತಿಲಲ್ಲಿ ನಿಂತ ಅಪ್ಪ ನೆನಪಾದರು. ಅರ್ಧಕ್ಕೇ ನಿಲ್ಲಿಸಿದೆ. ಮಾರನೇ ದಿನ ಪೂರ್ತಿ ನೋಡಿದೆ. ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನಮ್ಮ ಕನ್ನಡದಲ್ಲಿ ಜಾದೂಗಾರನಿಗೂ ಕಳ್ಳನಿಗೂ ಮಾತು ಒಂದೇ. ಜಾತ್ರೆಯಲ್ಲಿ ಹುಡುಗನ ಕಿವಿಯಿಂದ ನಾಣ್ಯ ತೆಗೆಯುವವನದೂ ಕೈಚಳಕ, "ಬಸ್ ನಿಲ್ದಾಣದಲ್ಲಿ ಕೈಚಳಕ ತೋರಿದ ಕಳ್ಳರು" ಎಂದು ಪತ್ರಿಕೆಯಲ್ಲಿ ಬರುವುದೂ ಅದೇ. "ಗಮನ ಬೇರೆಡೆ ಸೆಳೆದು" ಎಂಬುದಂತೂ ನಮ್ಮ ಅಪರಾಧ ಸುದ್ದಿಗಳ ಖಾಯಂ ಸಾಲು. ಬಟ್ಟೆಯ ಮೇಲೆ ಗಲೀಜು ಬಿದ್ದಿದೆ ಸಾರ್, ಕೆಳಗೆ ನೋಟು ಬಿದ್ದಿದೆ ನೋಡಿ ಎಂದು ಹೇಳಿ ಬ್ಯಾಗು ಎಗರಿಸುವುದು. ಇಡೀ ಜಾದೂ ಶಾಸ್ತ್ರದ ಮೂಲಸೂತ್ರವನ್ನು ನಮ್ಮ ವರದಿಗಾರರು ಮೂರು ಪದದಲ್ಲಿ ಬರೆದಿಟ್ಟಿದ್ದಾರೆ. ಕಣ್ಕಟ್ಟು ಎನ್ನುವ ಪದವನ್ನೇ ನೋಡಿ. ಕಣ್ಣು ತೆರೆದೇ ಇರುತ್ತದೆ, ಆದರೂ ಕಟ್ಟಿರುತ್ತದೆ. ಇದಕ್ಕಿಂತ ಸರಿಯಾದ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ಹಾಗಾದರೆ ವೇದಿಕೆಯ ಜೇಬುಗಳ್ಳ ಈ ಇಬ್ಬರಲ್ಲಿ ಯಾರು? ಉಳಿದ ಜಾದೂಗಾರರು ಖಾಲಿ ಟೋಪಿಯಿಂದ ಏನೋ ತೆಗೆಯುತ್ತಾರೆ. ಇವನು ನಿಮ್ಮದೇ ವಸ್ತುವನ್ನು, ಅದು ಇದೆಯೆಂದು ನೀವು ಖಚಿತವಾಗಿ ನಂಬಿದ ಜಾಗದಿಂದಲೇ ತೆಗೆಯುತ್ತಾನೆ. ಇಸ್ಪೀಟಿನ ಜಾದೂ ಕಲಿಯುವವನು ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ವರ್ಷಗಟ್ಟಲೆ ಅಭ್ಯಾಸ ಮಾಡಬಹುದು. ಜೇಬಿಗೆ ಕೈ ಹಾಕಲು ಇನ್ನೊಬ್ಬ ಮನುಷ್ಯ ಬೇಕೇ ಬೇಕು. ಬೆರಳು ಎಷ್ಟೇ ಪಳಗಿದರೂ ಎದುರಿನವನ ಉಸಿರು, ಮುಜುಗರ, ಅವನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತಾನೆ ಎಂಬುದು ಕನ್ನಡಿಯಲ್ಲಿ ಸಿಗುವುದಿಲ್ಲ.

ಕಳ್ಳರಿಗೂ ಅಭ್ಯಾಸ ಬೇಕಿತ್ತು. 1585ರಲ್ಲಿ ಲಂಡನ್ನಿನ ನ್ಯಾಯಾಧಿಕಾರಿ ವಿಲಿಯಂ ಫ್ಲೀಟ್‌ವುಡ್ ಆಗಿನ ರಾಜ್ಯದ ಹಿರಿಯ ಮಂತ್ರಿ ಲಾರ್ಡ್ ಬರ್ಲಿಗೆ ಒಂದು ಪತ್ರ ಬರೆದ. ಬಿಲ್ಲಿಂಗ್ಸ್‌ಗೇಟ್ ಬಳಿ ವಾಟನ್ ಎಂಬವನು ತನ್ನ ಹೆಂಡದಂಗಡಿಯಲ್ಲಿ ಜೇಬುಗಳ್ಳರ ಶಾಲೆಯನ್ನೇ ನಡೆಸುತ್ತಿದ್ದ ಸಂಗತಿ ಅದರಲ್ಲಿದೆ. ಅಲ್ಲಿ ಒಂದು ಜೇಬು, ಒಂದು ಹಣದ ಚೀಲ ನೇತುಹಾಕಿದ್ದರು. ಜೇಬಿನಲ್ಲಿ ಲೆಕ್ಕದ ಬಿಲ್ಲೆಗಳು, ಚೀಲದಲ್ಲಿ ಬೆಳ್ಳಿ. ಎರಡರ ಸುತ್ತಲೂ ಬೇಟೆಯ ಗಿಡುಗನ ಕಾಲಿಗೆ ಕಟ್ಟುವಂಥ ಗೆಜ್ಜೆ, ಮೇಲೊಂದು ಪೂಜೆಯ ಪುಟ್ಟ ಗಂಟೆ. ಸದ್ದಾಗದಂತೆ ಬಿಲ್ಲೆ ತೆಗೆದವನಿಗೆ ಒಂದು ಪದವಿ, ಬೆಳ್ಳಿ ತೆಗೆದವನಿಗೆ ಇನ್ನೊಂದು. ಆ ಕಾಲದ ಕಳ್ಳರಲ್ಲಿ ಎರಡು ಪಂಗಡ: ಜೇಬಿಗೆ ಬೆರಳು ಇಳಿಸುವವರು, ಸೊಂಟಕ್ಕೆ ಕಟ್ಟಿದ ಚೀಲವನ್ನು ಚಾಕುವಿನಿಂದ ಕತ್ತರಿಸುವವರು. ಓದುತ್ತಿದ್ದಾಗ ನಮ್ಮ "ಜೇಬಿಗೆ ಕತ್ತರಿ" ನೆನಪಾಯಿತು. ಈಗ ಯಾರೂ ಕತ್ತರಿ ಹಿಡಿದು ಬರದಿದ್ದರೂ ನಮ್ಮ ಮಾತಿನಲ್ಲಿ ಕತ್ತರಿ ಉಳಿದುಕೊಂಡಿದೆ.

ಕದ್ದದ್ದನ್ನು ವಾಪಸು ಕೊಡುವ ಕಳ್ಳ ವೇದಿಕೆಗೆ ಬಂದದ್ದು ಬಹಳ ತಡವಾಗಿ. ಇಪ್ಪತ್ತನೇ ಶತಮಾನದ ಯುರೋಪಿನ ಸರ್ಕಸ್ಸುಗಳಲ್ಲಿ, ರಾತ್ರಿ ಕ್ಲಬ್ಬುಗಳಲ್ಲಿ ಇದೊಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆಯಿತು. 1921ರಲ್ಲಿ ಸರ್ಬಿಯಾದಲ್ಲಿ ಹುಟ್ಟಿದ ಬೊರಿಸ್ಲಾವ್ ಮಿಲೊಯ್ಕೊವಿಚ್ "ಬೊರ್ರಾ" ಎಂಬ ಹೆಸರಿನಲ್ಲಿ ಜೇಬುಗಳ್ಳರ ರಾಜ ಎನಿಸಿಕೊಂಡು ದಶಕಗಳ ಕಾಲ ಸರ್ಕಸ್ಸಿನ ರಿಂಗಿನಲ್ಲಿ ನಿಂತ. ರಿಂಗು ಎಂದರೆ ಸುತ್ತಲೂ ಜನ. ಉಳಿದ ಜಾದೂಗಾರರಿಗೆ ಅದು ಕಷ್ಟದ ಜಾಗ, ಬೆನ್ನ ಹಿಂದೆ ಏನನ್ನೂ ಬಚ್ಚಿಡುವಂತಿಲ್ಲ. ಜೇಬುಗಳ್ಳನಿಗೆ ಅದೇ ಅನುಕೂಲ. ಅವನು ಕದಿಯುವುದು ಜನರಿಗೆ ಕಾಣಲೇಬೇಕು. ಟೈ ಸಡಿಲವಾಗಿ ಜಾರುತ್ತದೆ, ಕೋಟಿನ ಒಳಜೇಬಿನಿಂದ ಪರ್ಸು ಮೇಲೆ ಬರುತ್ತದೆ, ಸಾವಿರ ಜನ ನೋಡುತ್ತಾರೆ. ನೋಡದವನು ಒಬ್ಬನೇ, ಅದು ಯಾರ ವಸ್ತುವೋ ಅವನು. ನಗು ಹುಟ್ಟುವುದು ಆ ಒಂದು ಕುರುಡಿನಿಂದ. ಯಕ್ಷಗಾನದ ಹಾಸ್ಯಗಾರ ರಾಜನ ಬೆನ್ನಿಗೆ ನಿಂತು ನಮ್ಮ ಕಡೆ ಮುಖ ಮಾಡಿದಾಗ ನಾವೆಲ್ಲ ಅವನ ಪಕ್ಷದವರಾಗಿಬಿಡುತ್ತೇವಲ್ಲ, ಹಾಗೆ ಇಲ್ಲಿ ಇಡೀ ಸಭೆ ಕಳ್ಳನ ಜೊತೆಗಾರ.

ಟ್ಯುನೀಷಿಯಾ ಮೂಲದ ಕಸಾಗಿ ಎಂಬ ಇನ್ನೊಬ್ಬ ಜಾದೂಗಾರ, ರಾಬರ್ಟ್ ಬ್ರೆಸ್ಸೊನ್ 1959ರಲ್ಲಿ ಜೇಬುಗಳ್ಳನೊಬ್ಬನ ಮೇಲೆ ಮಾಡಿದ ಫ್ರೆಂಚ್ ಚಿತ್ರಕ್ಕೆ ಕೈಗಳ ಪಾಠ ಹೇಳಿಕೊಟ್ಟ, ಅದರಲ್ಲೇ ಕಳ್ಳನಾಗಿ ನಟಿಸಿದ. ಅಲ್ಲಿ ಕಳ್ಳತನ ಮೂಕ ಸಂಗೀತದಂತಿದೆ. ಅದರಲ್ಲಿ ಹಾಸ್ಯದ ಸುಳಿವೂ ಇಲ್ಲ. ಅದೇ ಬೆರಳು, ಅದೇ ಅಭ್ಯಾಸ, ಎದುರಿನವನು ಸುಮ್ಮನೆ ಕಳೆದುಕೊಂಡು ಹೋಗುತ್ತಾನೆ, ಅಷ್ಟೆ.

ರಾಬಿನ್ಸ್ ಟೆಕ್ಸಾಸಿನ ಪ್ಲೇನ್‌ವ್ಯೂ ಎಂಬ ಊರಲ್ಲಿ 1974ರಲ್ಲಿ ಹುಟ್ಟಿದವನು. ಹೆಸರು ಮಾಡಿದ್ದು ಲಾಸ್ ವೇಗಸ್‌ನಲ್ಲಿ, ಜನರ ನಡುವೆ ಓಡಾಡುತ್ತ, ಊಟಕ್ಕೆ ಬಂದವರ ಜೊತೆ ನಿಂತು ಮಾತಾಡುತ್ತ. 2001ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿಗೆ ಬಂದಾಗ ಅವರ ಅಂಗರಕ್ಷಕರ ಜೊತೆ ಮಾತಿಗೆ ನಿಂತ ಇವನ ಕೈಯಲ್ಲಿ ಸ್ವಲ್ಪ ಹೊತ್ತಿಗೆ ಏನೇನಿತ್ತೆಂದರೆ: ಒಬ್ಬ ಅಧಿಕಾರಿಯ ಬ್ಯಾಡ್ಜು, ಕಾರ್ಟರ್ ಅವರ ಕಾರ್ಯಕ್ರಮ ಪಟ್ಟಿ, ಕೊನೆಗೆ ಅವರ ವಾಹನಗಳ ಕೀಲಿಗೊಂಚಲು. ಎಲ್ಲವನ್ನೂ ಅವರವರ ಕೈಗೇ ಒಪ್ಪಿಸಿದ. ಈ ಪ್ರಸಂಗ ಓದಿದ ದಿನ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಎಚ್ಚರವಾಗಿರುವುದಕ್ಕೇ ಸಂಬಳ ಪಡೆಯುವ ಜನ ಅವರು. ಅದಕ್ಕಾಗಿಯೇ ತರಬೇತಿ, ಅದಕ್ಕಾಗಿಯೇ ಕಪ್ಪು ಕನ್ನಡಕ. ಅವರಿಗೂ ಗೊತ್ತಾಗಲಿಲ್ಲ.

ಇನ್ನೊಂದು ಪ್ರಸಂಗ ನನಗೆ ಅದಕ್ಕಿಂತ ಇಷ್ಟ. ಜಾದೂಗಾರರ ಕೂಟವೊಂದರಲ್ಲಿ ಪೆನ್ ಜಿಲೆಟ್, ಅಂದರೆ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿಯ ಆ ಆಜಾನುಬಾಹು, "ನನ್ನದೇನಾದರೂ ಕದ್ದು ತೋರಿಸು" ಎಂದು ಸವಾಲು ಹಾಕಿದ. ರಾಬಿನ್ಸ್ ಹಿಂಜರಿದ. ಜಾದೂಗಾರರ ಮುಂದೆ ಮಾಡುವುದು ತನಗೆ ಮುಜುಗರ, ಅಲ್ಲದೆ ಚಡ್ಡಿ ಅಂಗಿಯಲ್ಲಿ ಬಂದವನ ಹತ್ತಿರ ಕದಿಯಲು ಏನಿರುತ್ತದೆ ಎಂದ. ಬೇಕಾದರೆ ಬೇರೊಂದು ಸಣ್ಣ ಆಟ ತೋರಿಸುತ್ತೇನೆ, ನಿನ್ನ ಉಂಗುರ ಕಾಗದದ ಮೇಲಿಟ್ಟು ಅದರ ಸುತ್ತ ಪೆನ್ನಿನಲ್ಲಿ ಗೆರೆ ಎಳಿ ಎಂದ. ಪೆನ್ ತನ್ನ ಪೆನ್ನು ತೆಗೆದು ಬಗ್ಗಿದ. ಗೆರೆ ಮೂಡಲಿಲ್ಲ. ತಲೆ ಎತ್ತಿದರೆ ರಾಬಿನ್ಸ್ ಬೆರಳ ತುದಿಯಲ್ಲಿ ಆ ಪೆನ್ನಿನ ರೀಫಿಲ್ ಹಿಡಿದು ನಿಂತಿದ್ದ. ಪೆನ್ನು ಜೇಬಿನಲ್ಲೇ ಇತ್ತು, ಒಳಗಿನ ಕಡ್ಡಿ ಮಾತ್ರ ಇರಲಿಲ್ಲ. ಬೇಡ ಬೇಡ ಎನ್ನುತ್ತಿದ್ದ ಹೊತ್ತಿನಲ್ಲೇ ಕೆಲಸ ಮುಗಿದಿತ್ತು. ಪೆನ್ ಜಿಲೆಟ್ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಒಬ್ಬ ಜಾದೂಗಾರನಿಗೆ ಇನ್ನೊಬ್ಬನಿಂದ ಸಿಗಲಾರದು.

ಹೇಗೆ ಮಾಡುತ್ತಾರೆ ಎಂದು ಕೇಳಿದರೆ ಬೆರಳಿನ ಮಾತು ಕೊನೆಗೆ ಬರುತ್ತದೆ. ಮೊದಲು ಬರುವುದು ನಿಲ್ಲುವ ಜಾಗ. ಅಪರಿಚಿತ ನೇರ ಎದುರಿನಿಂದ ಮೈಮೇಲೆ ಬಂದರೆ ನಾವು ಹಿಂದೆ ಸರಿಯುತ್ತೇವೆ. ಅದೇ ಮನುಷ್ಯ ಬದಿಯಿಂದ ಬಳಸಿಕೊಂಡು ಬಂದು ಹೆಗಲಿಗೆ ಹೆಗಲು ಕೊಟ್ಟು, ಇಬ್ಬರೂ ಒಂದೇ ಕಡೆ ನೋಡುವಂತೆ ನಿಂತರೆ ಏನೂ ಅನಿಸುವುದಿಲ್ಲ. ಬೀದಿಯ ಕಳ್ಳರು ಇದಕ್ಕೆ ತಂಡ ಕಟ್ಟುತ್ತಾರೆ. ಒಬ್ಬ ದಾರಿಗೆ ಅಡ್ಡ ನಿಲ್ಲುತ್ತಾನೆ, ಒಬ್ಬ ಮರೆ ಮಾಡುತ್ತಾನೆ, ಒಬ್ಬ ತೆಗೆಯುತ್ತಾನೆ, ಒಬ್ಬ ದಾಟಿಸುತ್ತಾನೆ. ನಮ್ಮ ಸಿಟಿ ಬಸ್ಸಿನ ಬಾಗಿಲಲ್ಲಿ "ಇಳೀರಿ, ಮುಂದೆ ಹೋಗ್ರಿ" ಎಂಬ ತಳ್ಳಾಟದೊಳಗೆ ಈ ನಾಲ್ವರೂ ಇರುತ್ತಾರೆ. ವೇದಿಕೆಯವನು ನಾಲ್ಕೂ ಕೆಲಸವನ್ನು ಒಬ್ಬನೇ, ಬೆಳಕಿನ ಕೆಳಗೆ, ನಗುತ್ತ ಮಾಡಬೇಕು.

ಆಮೇಲೆ ಮುಟ್ಟುವುದು. ಮಣಿಕಟ್ಟನ್ನು ಗಟ್ಟಿಯಾಗಿ ಒತ್ತಿ ಹಿಡಿದು ಬಿಟ್ಟರೆ ಆ ಒತ್ತಡದ ನೆನಪು ಚರ್ಮದಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಗಡಿಯಾರ ಹೋಗಿದ್ದರೂ ಇದೆ ಅನಿಸುತ್ತಿರುತ್ತದೆ. ಅಂಗೈಯಲ್ಲಿ ನಾಣ್ಯ ಒತ್ತಿದರೂ ಹಾಗೆಯೇ. ನಮ್ಮ ಚರ್ಮವೂ ಸುಳ್ಳು ಸಾಕ್ಷಿ ಹೇಳುತ್ತದೆ ಎಂದಾಯಿತು.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಕೇಳುವುದು. ನಮ್ಮ ತಲೆಯೊಳಗೆ ಒಬ್ಬ ಕಾವಲುಗಾರ ಕೂತಿದ್ದಾನೆ, ಅವನ ಹೆಸರು ಫ್ರಾಂಕ್ ಎಂದುಕೊಳ್ಳಿ ಎನ್ನುತ್ತಾನೆ ರಾಬಿನ್ಸ್. ಕಣ್ಣು, ಕಿವಿ, ಚರ್ಮದಿಂದ ಬರುವುದನ್ನೆಲ್ಲ ಅವನು ಪರದೆಗಳಲ್ಲಿ ನೋಡುತ್ತಿರುತ್ತಾನೆ. ಆದರೆ ಹಳೆಯದೇನನ್ನಾದರೂ ನೆನಪು ಮಾಡಿಕೊಳ್ಳಿ ಎಂದರೆ ಕಡತ ಹುಡುಕಲು ಅವನೇ ತಿರುಗಬೇಕು. ತಿರುಗಿದಷ್ಟು ಹೊತ್ತು ಪರದೆ ನೋಡುವವರಿಲ್ಲ. "ನಿಮ್ಮ ಜೇಬಿನಲ್ಲಿ ಏನೇನಿದೆ ಹೇಳಿ" ಎಂಬ ಸಾಧಾರಣ ಪ್ರಶ್ನೆಯೇ ಹಾಗಾಗಿ ಜೇಬಿನೊಳಗೆ ಇಳಿಯುವ ಬೆರಳು. ಅದೇ ಭಾಷಣದಲ್ಲಿ ಅವನು ಸಭೆಯವರಿಗೆಲ್ಲ ಫೋನಿನ ಪರದೆಯ ಬಲತುದಿಯಲ್ಲಿ ಯಾವ ಚಿತ್ರವಿದೆ ಎಂದು ನೋಡದೆ ಊಹಿಸಲು ಹೇಳುತ್ತಾನೆ, ಆಮೇಲೆ ನೋಡಿ ಖಚಿತ ಮಾಡಿಕೊಳ್ಳಿ ಎನ್ನುತ್ತಾನೆ. ಎಲ್ಲರೂ ನೋಡಿ ಫೋನು ಒಳಗಿಡುತ್ತಾರೆ. ಈಗ ಹೇಳಿ, ಗಂಟೆ ಎಷ್ಟು? ಅದೇ ಪರದೆಯ ಮೇಲೆ ಗಂಟೆ ಇತ್ತು, ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ವಿಜ್ಞಾನಿಗಳು ಇವನ ಹತ್ತಿರ ಬಂದದ್ದು ಇದಕ್ಕೇ. 2007ರಲ್ಲಿ ಲಾಸ್ ವೇಗಸ್‌ನಲ್ಲಿ ಪ್ರಜ್ಞೆಯನ್ನು ಕುರಿತು ಅಧ್ಯಯನ ಮಾಡುವವರ ಸಮ್ಮೇಳನ ನಡೆದಾಗ ಸ್ಟೀಫನ್ ಮ್ಯಾಕ್ನಿಕ್ ಮತ್ತು ಸುಸಾನಾ ಮಾರ್ಟಿನೆಸ್-ಕೊಂಡೆ ಎಂಬ ಮಿದುಳು ವಿಜ್ಞಾನಿ ದಂಪತಿ ಜಾದೂಗಾರರನ್ನು ವೇದಿಕೆಗೆ ಕರೆದರು. ಮರುವರ್ಷ ಒಂದು ಪ್ರತಿಷ್ಠಿತ ನರವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ರಾಬಿನ್ಸ್, ಟೆಲ್ಲರ್, ಜೇಮ್ಸ್ ರ‍್ಯಾಂಡಿ ಮೊದಲಾದ ಜಾದೂಗಾರರೂ ಸಹಲೇಖಕರು. ಜೇಬುಗಳ್ಳ ಅಲ್ಲಿ ಕೊಟ್ಟ ಒಂದು ಸುಳಿವು ನನಗೆ ಬಹಳ ಹಿಡಿಸಿತು. ಕೈಯನ್ನು ನೇರ ಗೆರೆಯಲ್ಲಿ ಸರಿಸಿದರೆ ನೋಡುವವನ ಕಣ್ಣು ತುದಿಗೆ ಹಾರಿ ತಕ್ಷಣ ಹಿಂದಕ್ಕೆ ಬರುತ್ತದೆ. ಕಮಾನಿನಂತೆ ಬಾಗಿಸಿ ಸರಿಸಿದರೆ ಕಣ್ಣು ಬಿಡದೆ ಹಿಂಬಾಲಿಸುತ್ತದೆ. 2011ರಲ್ಲಿ ಅದನ್ನು ಪ್ರಯೋಗ ಮಾಡಿ ನೋಡಿದರು, ಬಾಗಿದ ಚಲನೆಯೇ ಹೆಚ್ಚು ದಾರಿ ತಪ್ಪಿಸುತ್ತದೆ ಎಂದು ಬರೆದರು. ಆ ಬರಹದಲ್ಲೂ ರಾಬಿನ್ಸ್ ಹೆಸರಿದೆ. ಸಭೆ ಸಭೆಯಲ್ಲಿ ಕೈಯಿಂದ ಕಲಿತದ್ದು ಹೀಗೆ ಅಂಕಿಗಳಾಗಿ ನಿಂತಿತು.

ನನ್ನ ಕೋಪ ಕರಗಿದ್ದು ಮಾತ್ರ ವಿಜ್ಞಾನದಿಂದಲ್ಲ, ಅವನು ವಾಪಸು ಕೊಡುವ ರೀತಿಯಿಂದ. ಮೊದಲ ಸಲ ನಾನು ಅರ್ಧಕ್ಕೆ ನಿಲ್ಲಿಸಿದ್ದು ಸರಿಯಾಗಿ ಅದಕ್ಕೆ ಮುಂಚೆ. ಗಡಿಯಾರ ಹೋದವನ ಮುಖ ನೋಡಿ. ಮೊದಲು ಗಾಬರಿ, ಮರುಕ್ಷಣ ಎಲ್ಲರಿಗಿಂತ ಜೋರಾಗಿ ನಗುವವನು ಅವನೇ. ಆ ನಗುವನ್ನು ಅಲ್ಲಿಗೆ ತಲುಪಿಸುವುದು ಸುಲಭವಲ್ಲ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ಮುಖ ನೋಡಿಯೇ ತಿಳಿಯಬೇಕು. ಪರ್ಸು ತೆಗೆಯಬಹುದು, ಆದರೆ ಬಿಚ್ಚಿ ಒಳಗಿರುವುದನ್ನು ಸಭೆಗೆ ತೋರಿಸಿದರೆ ಆ ಕ್ಷಣವೇ ಅದು ಕಳ್ಳತನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ವಿದ್ಯೆಯನ್ನು ಒರಟಾಗಿ ಮಾಡುವವರನ್ನೂ ವಿಡಿಯೋಗಳಲ್ಲಿ ನೋಡಿದ್ದೇನೆ. ಕರೆತಂದವನನ್ನು ಪೆದ್ದನೆಂದು ಆಡಿಕೊಳ್ಳುತ್ತಾರೆ, ಸಭೆ ನಗುತ್ತದೆ, ಅವನು ಬೆವರು ಒರೆಸಿಕೊಳ್ಳುತ್ತ ಕೆಳಗಿಳಿಯುತ್ತಾನೆ. ಬೆರಳು ಅಷ್ಟೇ ಚುರುಕು ಇರಬಹುದು, ನಮ್ಮ ಬೀದಿಯವರು ಅಪ್ಪನಿಗೆ ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ನನಗೆ ಕಾಣುವುದಿಲ್ಲ. ರಾಬಿನ್ಸ್ ಎದುರಿನವನನ್ನು ಒಂದು ಸಲವೂ ಸಣ್ಣವನಾಗಿಸುವುದಿಲ್ಲ. ನಾನು ಕದಿಯುತ್ತೇನೆ ಎಂದು ಮೊದಲೇ ಹೇಳಿ, ಹೇಳಿದ ಮೇಲೂ ಕದ್ದು, ಕೊನೆಗೆ ಕೈಗಿಟ್ಟು, "ನಿಮಗೆ ಮಾತ್ರ ಅಲ್ಲ, ಯಾರಿಗಾದರೂ ಹೀಗೇ" ಎಂಬ ಸಮಾಧಾನವನ್ನೂ ಮಾತಾಡದೆಯೇ ಕೊಟ್ಟು ಕಳಿಸುತ್ತಾನೆ.

ಸ್ವೀಡನ್ ಮೂಲದ ಬಾಬ್ ಆರ್ನೊ ಎಂಬ ಇನ್ನೊಬ್ಬ ವೇದಿಕೆಯ ಜೇಬುಗಳ್ಳ, ಹೆಂಡತಿ ಬ್ಯಾಂಬಿ ವಿನ್ಸೆಂಟ್ ಜೊತೆ ಊರೂರು ಸುತ್ತಿ ನಿಜವಾದ ಕಳ್ಳರ ಹಿಂದೆ ಬಿದ್ದವನು. ಕ್ಯಾಮೆರಾ ಹಿಡಿದು ಅವರ ಕೈಗಳನ್ನು ಚಿತ್ರಿಸಿ, ಅವರ ಜೊತೆ ಮಾತಾಡಿ, ಕಲಿತದ್ದನ್ನು ಪ್ರವಾಸಿಗಳಿಗೆ ಹೇಳಿಕೊಟ್ಟವನು. ಈ ಬಗೆಯವರೆಲ್ಲ ಮತ್ತೆ ಮತ್ತೆ ಹೇಳುವ ಒಂದು ಮಾತಿದೆ: "ಜೇಬುಗಳ್ಳರಿದ್ದಾರೆ, ಎಚ್ಚರಿಕೆ" ಎಂಬ ಫಲಕ ಕಂಡ ಕೂಡಲೇ ಜನರ ಕೈ ತಂತಾನೇ ದುಡ್ಡಿದ್ದ ಕಡೆ ಹೋಗುತ್ತದೆ. ಕಳ್ಳ ಫಲಕದ ಹತ್ತಿರ ನಿಂತು ಕೈ ಎಲ್ಲಿಗೆ ಹೋಯಿತೆಂದು ನೋಡಿಕೊಂಡರೆ ಸಾಕು.

ಇದನ್ನು ಓದಿದಾಗ ಅಪ್ಪನ ಎಡಗೈ ಕಣ್ಣ ಮುಂದೆ ಬಂತು. ನಲವತ್ತು ವರ್ಷಗಳ ಕಾಲ ಅವರು ಕಾದದ್ದೂ ತೋರಿಸಿದ್ದೂ ಒಂದೇ ಜಾಗ. ಹೇಳಬೇಕು ಎಂದುಕೊಂಡೇ ಕಳೆದ ದಸರಾ ರಜೆಗೆ ಊರಿಗೆ ಹೋದೆ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಆ ಭಾಷಣ ಹಾಕಿಕೊಟ್ಟೆ. ಅಪ್ಪ ಕನ್ನಡಕ ಏರಿಸಿಕೊಂಡು, ಕಾಪಿ ಹಿಡಿಯಲು ನಿಂತ ಮೇಷ್ಟ್ರ ಹಾಗೆ ಬಗ್ಗಿ ನೋಡಿದರು. ಬಿಲ್ಲೆ ಹೆಗಲ ಮೇಲೆ ಕೂತಾಗ "ಅಲ್ಲೇ ಇದೆಯಲ್ಲೋ!" ಎಂದು ಆ ಮನುಷ್ಯನಿಗೆ ಕನ್ನಡದಲ್ಲೇ ಕೂಗಿ ಹೇಳಿದರು. ಗಡಿಯಾರ ಹೋದದ್ದು ಅವರಿಗೂ ಕಾಣಲಿಲ್ಲ. ಹಿಂದಕ್ಕೆ ಒಯ್ದು ತೋರಿಸಿದೆ. ಮತ್ತೂ ಕಾಣಲಿಲ್ಲ. ಕಾರ್ಟರ್ ಅವರ ಅಂಗರಕ್ಷಕರ ಕತೆ ಹೇಳಿದೆ. ಬ್ಯಾಡ್ಜು ಹೋಯಿತು ಎಂದಾಗ ಹುಬ್ಬು ಏರಿತು. ಕೀಲಿಗೊಂಚಲು ಎಂದಾಗ ಫೋನಿನಿಂದ ಮುಖ ಎತ್ತಿದರು.

"ಅವರಿಗೂ ಗೊತ್ತಾಗ್ಲಿಲ್ವಾ?"

"ಇಲ್ಲ ಅಪ್ಪ."

"ಬಂದೂಕು ಇಟ್ಕೊಂಡಿರೋರು?"

"ಹೂಂ."

ಅಪ್ಪ ಅಡುಗೆಮನೆ ಕಡೆ ತಿರುಗಿ ಗಟ್ಟಿಯಾಗಿ ಕರೆದರು. "ಏ, ಇಲ್ಲಿ ಬಾರೇ. ಇವನು ಏನು ಹೇಳ್ತಿದಾನೆ ಕೇಳು." ಅಮ್ಮ ಕೈ ಒರೆಸಿಕೊಂಡು ಬಂದರು. ನಾನು ಮೊದಲಿಂದ ಇನ್ನೊಮ್ಮೆ ಹೇಳಿದೆ. ಅಪ್ಪ ಮಧ್ಯೆ ಮಧ್ಯೆ "ಬ್ಯಾಡ್ಜು ಅಂತೆ", "ಕಾರಿನ ಕೀಲಿ ಅಂತೆ" ಎಂದು ಅಮ್ಮನಿಗೆ ಒತ್ತಿ ಒತ್ತಿ ಹೇಳುತ್ತಿದ್ದರು.

ಮಾರನೇ ಬೆಳಿಗ್ಗೆ ಪೇಟೆಗೆ ಹೋಗಲು ಇಬ್ಬರೂ ಬಸ್ಸು ಹತ್ತಿದೆವು. ಹಬ್ಬದ ಗದ್ದಲ, ಸೀಟು ಸಿಗಲಿಲ್ಲ. ಅಪ್ಪ ಬಲಗೈಯಿಂದ ಮೇಲಿನ ಕಂಬಿ ಹಿಡಿದರು. ಎಡಗೈ ತನ್ನ ಜಾಗಕ್ಕೆ ಹೋಯಿತು. ಫಲಕದ ವಿಷಯ ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಸ್ವಲ್ಪ ಸರಿದು ಅವರ ಎಡಮಗ್ಗುಲಿಗೆ ಹೋಗಿ ನಿಂತುಕೊಂಡೆ.